ಆ್ಯಪನ್ನು ದೂರುವ ಮೊದಲು

ಹೊರನಾಡಿನಲ್ಲಿ ನಾಲ್ವರು ಕನ್ನಡಿಗರು ಸೇರಿದ ಕಡೆ ಈಚೆಗೆ ಒಂದು ಮಾತು ತಪ್ಪದೆ ಕೇಳಿಬರುತ್ತದೆ: ಡೇಟಿಂಗ್ ಆ್ಯಪುಗಳು ಬಂದು ನಮ್ಮ ಮಕ್ಕಳ ಬಾಳನ್ನು ಕೆಡಿಸಿದವು. ರಾಜ್ಯೋತ್ಸವದ ಊಟದ ಪಂಕ್ತಿಯಲ್ಲಿ ಈ ಮಾತು ಹುಟ್ಟುತ್ತದೆ, ಯುಗಾದಿ ಕವಿಗೋಷ್ಠಿಯ ಚಹಾ ವಿರಾಮದಲ್ಲಿ ಮುಂದುವರಿಯುತ್ತದೆ. ಆಡುವವರು ಕೆಟ್ಟವರಲ್ಲ. ಮೂವತ್ತು ದಾಟಿದರೂ ಮದುವೆಯಾಗದ ಮಗಳನ್ನೋ, ಮದುವೆಯಾಗಿ ಎರಡೇ ವರ್ಷಕ್ಕೆ ಬೇರೆಯಾದ ಮಗನನ್ನೋ ಕಣ್ಣೆದುರಿಗೆ ಇಟ್ಟುಕೊಂಡು ನೊಂದವರೇ ಅವರು. ಪುಣೆಯಲ್ಲಿರುವವರಿಗೆ ಈ ವಾದಕ್ಕೊಂದು ಸಿದ್ಧ ಸಾಕ್ಷ್ಯವೂ ಇದೆ. ಶಿವಾಜಿನಗರದ ಕುಟುಂಬ ನ್ಯಾಯಾಲಯದತ್ತ ಕೈತೋರಿಸಿ, ‘ಒಂದು ದಿನ ಬೆಳಿಗ್ಗೆ ಅಲ್ಲಿ ನಿಂತು ನೋಡಿ, ನಿಮಗೇ ಗೊತ್ತಾಗುತ್ತದೆ’ ಎನ್ನುತ್ತಾರೆ. ಅವರ ನೋವನ್ನು ಗೌರವಿಸುತ್ತಲೇ ಅವರ ತೀರ್ಮಾನವನ್ನು ಅಲ್ಲಗಳೆಯಬೇಕಾಗಿದೆ.

ನ್ಯಾಯಾಲಯದ ಸಾಕ್ಷ್ಯವನ್ನೇ ಮೊದಲು ಪರಿಶೀಲಿಸೋಣ. ಕುಟುಂಬ ನ್ಯಾಯಾಲಯಗಳ ಕಾಯಿದೆ ನಮ್ಮ ದೇಶದಲ್ಲಿ ಬಂದದ್ದು 1984ರಲ್ಲಿ. ಜನಸಾಮಾನ್ಯರಿಗೆ ಇಂಟರ್ನೆಟ್ ದೊರೆತದ್ದು 1995ರಲ್ಲಿ. ಬೆರಳನ್ನು ಎಡಕ್ಕೋ ಬಲಕ್ಕೋ ಸರಿಸಿ ಮನುಷ್ಯರನ್ನು ಆರಿಸುವ ಅಭ್ಯಾಸಕ್ಕೆ ನಾಂದಿ ಹಾಡಿದ ಟಿಂಡರ್ ಅಮೆರಿಕದಲ್ಲಿ ಆರಂಭವಾದದ್ದು 2012ರಲ್ಲಿ. ಮುರಿದ ದಾಂಪತ್ಯಗಳಿಗೆಂದೇ ಪ್ರತ್ಯೇಕ ನ್ಯಾಯಾಲಯ ಬೇಕೆಂದು ಸಂಸತ್ತಿಗೆ ಅನ್ನಿಸಿದಾಗ ಆ್ಯಪಿನ ಕಲ್ಪನೆಯೂ ಯಾರಿಗೂ ಇರಲಿಲ್ಲ. ಇಂದಿಗೂ ಈ ದೇಶದ ಬಹುಪಾಲು ಮದುವೆಗಳನ್ನು ಕೂಡಿಸುವವರು ಮನೆಯ ಹಿರಿಯರೇ. ಹಾಗಿರುವಾಗ ಆ ನ್ಯಾಯಾಲಯದ ಮೆಟ್ಟಿಲೇರುವವರಲ್ಲಿ ಹೆಚ್ಚಿನವರು ಜಾತಕ ಹೊಂದಿಸಿ, ಮುಹೂರ್ತ ಇಟ್ಟು, ಮಂತ್ರಾಕ್ಷತೆ ಹಾಕಿಸಿಕೊಂಡು ಬಂದವರೇ ಆಗಿರಬೇಕಲ್ಲವೆ? ಅಲ್ಲಿ ನಿಂತು ನೋಡಿದರೆ ಗೊತ್ತಾಗುವುದು ಮದುವೆ ಎಷ್ಟು ಕಷ್ಟದ ಸಂಸ್ಥೆ ಎಂಬುದಷ್ಟೇ. ಜೋಡಿ ಎಲ್ಲಿ ಮೊದಲು ಭೇಟಿಯಾಯಿತು ಎಂಬುದು ಕಕ್ಷಿದಾರರ ಮುಖದ ಮೇಲೆ ಬರೆದಿರುವುದಿಲ್ಲ.

ಇನ್ನೂ ಹಿಂದಕ್ಕೆ ಹೋದರೆ ರುಖ್ಮಾಬಾಯಿಯವರ ಮೊಕದ್ದಮೆ ಎದುರಾಗುತ್ತದೆ. ಬಾಲ್ಯದಲ್ಲಿ ಹಿರಿಯರು ಮಾಡಿದ ಮದುವೆಯನ್ನು ಒಪ್ಪದ ಈ ಹೆಣ್ಣುಮಗಳಿಗೆ, ಗಂಡನ ಮನೆಗೆ ಹೋಗು ಇಲ್ಲವೆ ಜೈಲಿಗೆ ನಡೆ ಎಂದು ಮುಂಬಯಿಯ ನ್ಯಾಯಾಲಯ 1887ರಲ್ಲಿ ಆಜ್ಞೆ ಮಾಡಿತು. ಆಕೆ ಜೈಲಾದರೂ ಸರಿ ಎಂದರು. ಕೊನೆಗೆ 1888ರಲ್ಲಿ ರಾಜಿಯಾಯಿತು. ಮುಂದೆ ಇಂಗ್ಲೆಂಡಿನಲ್ಲಿ ಓದಿ ವೈದ್ಯೆಯಾಗಿ ಬಂದರು. ಅಂದು ಆಕೆಯ ವಿರುದ್ಧ ಎದ್ದ ಕೂಗಿನಲ್ಲಿ ‘ಇಂಗ್ಲಿಷ್ ವಿದ್ಯೆಯೇ ಹೆಣ್ಣುಮಕ್ಕಳನ್ನು ಕೆಡಿಸಿತು’ ಎಂಬ ಆಪಾದನೆಯೂ ಇತ್ತು. ಅಂದು ಶಾಲೆ ನಿಂತಿದ್ದ ಕಟಕಟೆಯಲ್ಲಿ ಇಂದು ಮೊಬೈಲನ್ನು ನಿಲ್ಲಿಸಿದ್ದೇವೆ.

ಈ ಊರಿನ ನೆನಪಿನಲ್ಲಿ ಇಂಥದೇ ಇನ್ನೊಂದು ಪ್ರಸಂಗವಿದೆ. ಫರ್ಗ್ಯುಸನ್ ಕಾಲೇಜಿನಲ್ಲಿ ಗಣಿತ ಕಲಿಸುತ್ತಿದ್ದ ಧೋಂಡೋ ಕೇಶವ ಕರ್ವೆಯವರು 1893ರಲ್ಲಿ ಗೋದೂಬಾಯಿ ಎಂಬ ವಿಧವೆಯನ್ನು ಮದುವೆಯಾದರು. ಗೋದೂಬಾಯಿ ಪಂಡಿತಾ ರಮಾಬಾಯಿಯವರ ಶಾರದಾ ಸದನದಲ್ಲಿ ಓದುತ್ತಿದ್ದವರು. ಕರ್ವೆಯವರ ಊರು ಮುರುಡ ಆ ದಂಪತಿಗೆ ಬಹಿಷ್ಕಾರ ಹಾಕಿತು. ಶಾರದಾ ಸದನವಂತೂ ಹೆಣ್ಣುಮಕ್ಕಳನ್ನು ದಾರಿತಪ್ಪಿಸುವ ಮನೆ ಎಂದು ಪುಣೆಯ ಸನಾತನಿಗಳ ಬಾಯಿಗೆ ಬಿದ್ದಿತ್ತು. ಅದೇ ಕರ್ವೆಯವರಿಗೆ ಈ ದೇಶ 1958ರಲ್ಲಿ ಭಾರತರತ್ನ ಕೊಟ್ಟಿತು. ಹೆಣ್ಣುಗಂಡು ಹಿರಿಯರ ಅಪ್ಪಣೆಯಿಲ್ಲದೆ ಒಬ್ಬರನ್ನೊಬ್ಬರು ಕಾಣುವ ಯಾವ ಹೊಸ ಬಾಗಿಲು ತೆರೆದಾಗಲೂ, ಅದು ಶಾಲೆಯಿರಲಿ, ಸಹಶಿಕ್ಷಣವಿರಲಿ, ಕಚೇರಿಯಿರಲಿ, ಸಮಾಜ ಬಾಗಿಲನ್ನೇ ಬೈದಿದೆ. ಬೈಗುಳದಲ್ಲಿ ಹೊಸದೇನೂ ಇಲ್ಲ.

ಹೊಸದಿರುವುದು ನಮ್ಮ ಮರೆವು. ಆ್ಯಪು ಮನುಷ್ಯರನ್ನು ಸರಕಾಗಿಸಿದೆ ಎಂಬುದು ನಮ್ಮವರ ದೊಡ್ಡ ದೂರು. ಸರಿ, ಅದಕ್ಕೆ ಮೊದಲು ನಾವು ಮನುಷ್ಯರನ್ನು ಏನಾಗಿಸಿದ್ದೆವು? ಪತ್ರಿಕೆಯ ಭಾನುವಾರದ ಪುಟದಲ್ಲಿ ‘ವಧು ಬೇಕಾಗಿದೆ’ ಎಂಬ ತಲೆಬರಹದಡಿ ಜಾತಿ, ಒಳಪಂಗಡ, ಗೋತ್ರ, ನಕ್ಷತ್ರ, ಎತ್ತರ, ಬಣ್ಣ, ಸಂಬಳಗಳನ್ನು ಎರಡಂಗುಲದ ಚೌಕದಲ್ಲಿ ಅಚ್ಚು ಹಾಕಿಸಿದವರು ಯಾರು? 1990ರ ದಶಕದ ಕೊನೆಗೆ ಶಾದಿ ಡಾಟ್ ಕಾಮ್, ಭಾರತ್ ಮ್ಯಾಟ್ರಿಮೊನಿಯಂಥ ತಾಣಗಳು ಬಂದಾಗ ಅದೇ ಚೌಕ ಪರದೆಯ ಮೇಲೆ ಏರಿತು; ಒಳಪಂಗಡವನ್ನು ಆರಿಸಲು ಪಟ್ಟಿ ಬಂತು. ನಮಗೆ ಬೇಡದವರು ಕಣ್ಣಿಗೇ ಬೀಳದಂತೆ ಸೋಸುವ ಜರಡಿಯನ್ನು ಅಲ್ಲಿ ಹಿಡಿದವರು ತಂದೆತಾಯಂದಿರು. ಕೇಂದ್ರ ಸರ್ಕಾರದ ನೌಕರಿಯಲ್ಲಿರುವ ನನ್ನಂಥವರಿಗೆ ಈ ಸಂತೆಯ ದರಪಟ್ಟಿ ಚೆನ್ನಾಗಿ ಗೊತ್ತು. ವರನ ಬಯೋಡೇಟಾದಲ್ಲಿ ಹೆಸರಿಗಿಂತ ಮೊದಲು ಪೇ ಲೆವೆಲ್ ಕಾಣುತ್ತದೆ. ವರ್ಗಾವಣೆ ಉಂಟೋ ಇಲ್ಲವೋ, ಕ್ವಾರ್ಟರ್ಸ್ ಯಾವ ದರ್ಜೆಯದು, ಪಿಂಚಣಿ ಹಳೆಯದೋ ಹೊಸದೋ ಎಂಬ ಪ್ರಶ್ನೆಗಳು ಹುಡುಗನ ಸ್ವಭಾವದ ಪ್ರಶ್ನೆಗಿಂತ ಮುಂಚೆ ಬರುತ್ತವೆ. ಹುಡುಗಿಯನ್ನು ‘ನೋಡಲು’ ಹೋಗಿ, ಉಪ್ಪಿಟ್ಟು ಕೇಸರಿಬಾತು ತಿಂದು, ‘ಊರಿಗೆ ಹೋಗಿ ತಿಳಿಸುತ್ತೇವೆ’ ಎಂದು ಎದ್ದುಬಂದು ಎಂದೂ ತಿಳಿಸದೆ ಹೋದ ಕುಟುಂಬಗಳನ್ನು ಕೇಳಿರದ ಕನ್ನಡಿಗರುಂಟೆ? ಹೇಳದೆ ಕೇಳದೆ ಮಾಯವಾಗುವ ವಿದ್ಯೆಯನ್ನು ಇಂದಿನ ಮಕ್ಕಳು ಆ್ಯಪಿನಿಂದ ಕಲಿತರೆಂದು ದೂರುವವರು, ಅದರ ಮೊದಲ ಪಾಠ ನಮ್ಮ ನಡುಮನೆಗಳಲ್ಲೇ ನಡೆದಿತ್ತೆಂಬುದನ್ನು ನೆನೆಯಬೇಕು.

ಆದ್ದರಿಂದ ಹಿರಿಯರ ಕೋಪದ ಮೂಲ ಸರಕುತನದಲ್ಲಿಲ್ಲ. ಜರಡಿ ಕೈಬದಲಾಯಿಸಿತು; ಕೋಪ ಅದಕ್ಕೆ. 2011-12ರ ಭಾರತ ಮಾನವ ಅಭಿವೃದ್ಧಿ ಸಮೀಕ್ಷೆಯ ಪ್ರಕಾರ ಈ ದೇಶದಲ್ಲಿ ಅಂತರ್ಜಾತೀಯ ವಿವಾಹಗಳು ಸುಮಾರು 5%. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಹರಳಯ್ಯ ಮತ್ತು ಮಧುವರಸರ ಮಕ್ಕಳ ಮದುವೆಗಾಗಿ ರಕ್ತ ಹರಿದ ಕಥೆಯನ್ನು ಬಸವ ಜಯಂತಿಯಂದು ಕಣ್ಣೀರಿಟ್ಟು ಕೇಳುತ್ತೇವೆ. ಮಾರನೆಯ ವಾರ ನಮ್ಮದೇ ಒಳಪಂಗಡದ ವಧೂವರರ ಸಮಾವೇಶಕ್ಕೆ ಹೆಸರು ನೋಂದಾಯಿಸುತ್ತೇವೆ. ಎಂಟುನೂರು ವರ್ಷಗಳ ಮೇಲೆ 5% ಎಂದರೆ ನಮ್ಮ ಜರಡಿ ಎಷ್ಟು ಸಣ್ಣ ಕಣ್ಣಿನದೆಂದು ತಿಳಿಯುತ್ತದೆ. ಆ್ಯಪು ಆ ಕಣ್ಣನ್ನು ದೊಡ್ಡದು ಮಾಡಿದೆಯೆಂದು ನಾನು ಹೇಳಲಾರೆ. ಆದರೆ ಜಾತಿಯನ್ನು ಮೊದಲ ಪ್ರಶ್ನೆಯಾಗಿ ಕೇಳದ ಒಂದು ಕಿಂಡಿಯನ್ನಾದರೂ ಅದು ತೆರೆದಿದೆ. ಸಲಿಂಗ ಪ್ರೇಮಿಗಳ ಮಟ್ಟಿಗೆ ಇದು ಇನ್ನೂ ನಿಜ. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟು ಅವರ ಪ್ರೇಮವನ್ನು ಅಪರಾಧದ ಪಟ್ಟಿಯಿಂದ ತೆಗೆಯಿತು. 2023ರ ಅಕ್ಟೋಬರಿನಲ್ಲಿ ವಿವಾಹದ ಹಕ್ಕನ್ನು ನೀಡಲು ಒಪ್ಪಲಿಲ್ಲ. ನಮ್ಮ ಯಾವ ಸಮಾವೇಶದಲ್ಲಿ ಅವರಿಗೊಂದು ಕುರ್ಚಿ ಹಾಕಿದ್ದೇವೆ? ಪರದೆಯಾಚೆ ಅವರಿಗೊಂದು ಜೊತೆ ಸಿಕ್ಕಿದ್ದರೆ ದೂರಲು ನಮಗೇನು ಹಕ್ಕಿದೆ?

ಇಷ್ಟು ಹೇಳಿದ ಮಾತ್ರಕ್ಕೆ ಆ್ಯಪುಗಳಿಗೆ ನಿರ್ದೋಷಿ ಪತ್ರ ಕೊಟ್ಟಂತಾಗದು. ಅವುಗಳ ದೋಷ ದೊಡ್ಡದು, ಆದರೆ ನಾವು ದೂರುವ ಜಾಗದಲ್ಲಿ ಅದು ಇಲ್ಲ. ಆ್ಯಪೆಂಬುದು ಒಂದು ಅಂಗಡಿ, ಅದರ ಲಾಭ ನಿಂತಿರುವುದು ಗಿರಾಕಿ ಮರಳಿ ಬರುವುದರ ಮೇಲೆ. ಮದುವೆಯ ದಲ್ಲಾಳಿಗೆ ಮದುವೆ ನಡೆದರೆ ದುಡ್ಡು. ತಿಂಗಳ ಚಂದಾ ಪಡೆಯುವ ಕಂಪನಿಗೆ ಹುಡುಕಾಟ ಮುಗಿಯದಿದ್ದರೆ ದುಡ್ಡು. ಟಿಂಡರ್, ಹಿಂಜ್‌ಗಳನ್ನು ನಡೆಸುವ ಮ್ಯಾಚ್ ಗ್ರೂಪ್ ತನ್ನ ಆ್ಯಪುಗಳನ್ನು ಚಟ ಹಿಡಿಸುವಂತೆ ರೂಪಿಸಿದೆಯೆಂದು ಆಪಾದಿಸಿ 2024ರ ಫೆಬ್ರವರಿ 14ರಂದು, ಪ್ರೇಮಿಗಳ ದಿನದಂದೇ, ಅಮೆರಿಕದಲ್ಲಿ ದಾವೆ ಹೂಡಲಾಯಿತು. ಕಂಪನಿ ಅದನ್ನು ಅಲ್ಲಗಳೆದಿದೆ. ದಾವೆಯ ಗತಿ ಏನಾದರೂ ಆಗಲಿ, ಇದ್ದಷ್ಟು ಮುಖಗಳ ಆಚೆ ಇನ್ನೊಂದು ಮುಖವಿದೆ ಎಂಬ ಆಸೆಯನ್ನು ಸದಾ ಉರಿಸುತ್ತಲೇ ಇರುವ ಯಂತ್ರದ ಮುಂದೆ ಕುಳಿತವರಿಗೆ, ಎದುರಿರುವ ಒಬ್ಬರಲ್ಲಿ ಮನಸ್ಸು ನಿಲ್ಲಿಸುವುದು ಸುಲಭವಲ್ಲ.

ಸಮಾಜಶಾಸ್ತ್ರಜ್ಞ ಜಿಗ್ಮಂಟ್ ಬೌಮನ್ 2003ರಲ್ಲಿ, ಟಿಂಡರ್ ಹುಟ್ಟುವುದಕ್ಕೆ ಒಂಬತ್ತು ವರ್ಷ ಮೊದಲು, ‘ಲಿಕ್ವಿಡ್ ಲವ್’ ಎಂಬ ಪುಸ್ತಕ ಬರೆದರು. ಸಂಬಂಧ ಎಂಬ ಪದದ ಜಾಗಕ್ಕೆ ಸಂಪರ್ಕ ಎಂಬ ಪದ ಬಂದಾಗ ಆಗುವ ಪಲ್ಲಟವನ್ನು ಅವರು ಅದರಲ್ಲಿ ಗುರುತಿಸಿದ್ದಾರೆ. ಸಂಪರ್ಕವನ್ನು ಬೇಕಾದಾಗ ಜೋಡಿಸಬಹುದು, ಬೇಡವಾದಾಗ ಕಡಿಯಬಹುದು. ಕಡಿದದ್ದಕ್ಕೆ ಯಾರಿಗೂ ಉತ್ತರ ಕೊಡಬೇಕಿಲ್ಲ. ಕನ್ನಡದಲ್ಲಿ ಈ ಭೇದ ಇನ್ನೂ ಸ್ಪಷ್ಟ. ಬಂಧ ಎಂಬುದು ಸಂಬಂಧದ ಒಳಗೇ ಇದೆ. ಋಣಾನುಬಂಧ ಎನ್ನುವಾಗ ಅದರೊಡನೆ ಋಣವೂ ಸೇರಿಕೊಳ್ಳುತ್ತದೆ. ಋಣವಿಲ್ಲದ ಬಂಧವನ್ನು ಮಾರುವುದೇ ಆ್ಯಪಿನ ವ್ಯಾಪಾರ.

ಈ ಋಣಹೀನತೆಯ ಬೆಲೆ ಎಲ್ಲರಿಗೂ ಒಂದೇ ಅಲ್ಲ. ಗಂಡಸಿಗೆ ಉತ್ತರವೇ ಬಾರದ ಅವಮಾನವಾದರೆ, ಹೆಂಗಸಿಗೆ ಬೇಡದ ಸಂದೇಶಗಳ ಪ್ರವಾಹ. ಸುಳ್ಳು ಹೆಸರು, ಸುಳ್ಳು ಉದ್ಯೋಗ, ಮುಚ್ಚಿಟ್ಟ ಮದುವೆ, ಚಿತ್ರ ತೋರಿಸಿ ಹಣ ಕೀಳುವುದು, ಎಲ್ಲವೂ ಅಲ್ಲಿ ನಡೆಯುತ್ತವೆ. ಇದೆಲ್ಲ ನಡೆದಾಗ ಹೋಗಿ ಕೇಳಲು ಒಬ್ಬ ಮನುಷ್ಯನಿರುವುದಿಲ್ಲ; ‘ದೂರು ನೀಡಿ’ ಎಂಬ ಗುಂಡಿ ಮಾತ್ರ ಇರುತ್ತದೆ. ಸ್ಟ್ಯಾನ್‌ಫರ್ಡಿನ ಮೈಕಲ್ ರೋಸನ್‌ಫೆಲ್ಡ್ ಮತ್ತು ಸಂಗಡಿಗರು 2019ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಅಮೆರಿಕದಲ್ಲಿ 2017ರಲ್ಲಿ ಜೊತೆಯಾದ ಗಂಡುಹೆಣ್ಣು ಜೋಡಿಗಳಲ್ಲಿ ಸುಮಾರು 39% ಮಂದಿ ಆನ್‌ಲೈನಿನಲ್ಲಿ ಪರಿಚಯವಾದವರು. ಇದರ ಮಗ್ಗುಲಲ್ಲೇ ಇನ್ನೊಂದು ಸಂಗತಿಯಿದೆ: ಗೆಳೆಯರ ಮೂಲಕ, ಮನೆಯವರ ಮೂಲಕ ಪರಿಚಯವಾಗುವವರು ಕಡಿಮೆಯಾಗುತ್ತ ಬಂದಿದ್ದಾರೆ. ನಡುವಿನ ಮನುಷ್ಯ ಮಾಯವಾಗಿದ್ದಾನೆ. ನನ್ನ ಮುಖ್ಯ ಆಕ್ಷೇಪ ಇಲ್ಲಿದೆ. ಆ್ಯಪು ಪ್ರೇಮವನ್ನು ಸಾಕ್ಷಿಯಿಲ್ಲದ ವ್ಯವಹಾರವಾಗಿಸಿದೆ.

ಹಿರಿಯರ ವಾದದಲ್ಲಿ ತಿರುಳಿದ್ದರೆ ಇದೇ ತಿರುಳು. ಮನೆಯವರು ಕೂಡಿಸಿದ ಮದುವೆಯಲ್ಲಿ ಕಷ್ಟ ಬಂದರೆ ಕೇಳುವವರು ನಾಲ್ವರಿರುತ್ತಾರೆ ಎನ್ನುತ್ತಾರೆ ಅವರು. ಒಪ್ಪಬೇಕಾದ ಮಾತು. ಆದರೆ ಆ ನಾಲ್ವರು ಕೇಳಿದ್ದು ಎಷ್ಟು ಸಲ, ‘ಹೊಂದಿಕೊಂಡು ಹೋಗಮ್ಮಾ’ ಎಂದು ಬಾಗಿಲು ಹಾಕಿದ್ದು ಎಷ್ಟು ಸಲ? ನಮ್ಮ ಹಿರಿಯರು ಸಾಕ್ಷಿಯಾಗಿ ನಿಂತದ್ದಕ್ಕಿಂತ ದೊರೆಯಾಗಿ ಕುಳಿತದ್ದು ಹೆಚ್ಚು. ತಾವು ಆರಿಸಿದ್ದಕ್ಕೆ ಮಾತ್ರ ಸಾಕ್ಷಿ, ಮಕ್ಕಳು ಆರಿಸಿಕೊಂಡದ್ದಕ್ಕೆ ‘ನೀನೇ ಮಾಡಿಕೊಂಡದ್ದು, ನೀನೇ ಅನುಭವಿಸು’ ಎಂಬುದು ನಮ್ಮ ಅಲಿಖಿತ ಕಾಯಿದೆ. ಈ ಕಾಯಿದೆ ಕೊಲ್ಲಬಲ್ಲದು.

2022ರ ನವೆಂಬರಿನಲ್ಲಿ ವಸಯಿಯ ಯುವತಿಯೊಬ್ಬಳು ದಿಲ್ಲಿಯಲ್ಲಿ ಸಂಗಾತಿಯಿಂದಲೇ ಕೊಲೆಯಾದ ಸಂಗತಿ ಬೆಳಕಿಗೆ ಬಂದಿತು. ಇಬ್ಬರೂ ಡೇಟಿಂಗ್ ಆ್ಯಪಿನಲ್ಲಿ ಪರಿಚಯವಾದವರು ಎಂಬುದೇ ಮಹಾರಾಷ್ಟ್ರದ ಮನೆಮನೆಯ ಚರ್ಚೆಯಾಯಿತು. ತನ್ನನ್ನು ಕೊಲ್ಲುವ ಬೆದರಿಕೆಯಿದೆಯೆಂದು ಆಕೆ 2020ರಲ್ಲೇ ಪೊಲೀಸರಿಗೆ ಬರೆದುಕೊಟ್ಟಿದ್ದಳು, ಆಮೇಲೆ ದೂರನ್ನು ಹಿಂಪಡೆದಿದ್ದಳು ಎಂಬುದು ಅಷ್ಟು ಚರ್ಚೆಯಾಗಲಿಲ್ಲ. ಮಗಳನ್ನು ಕಳೆದುಕೊಂಡ ಮನೆಯನ್ನು ದೂಷಿಸುವುದು ನನ್ನ ಉದ್ದೇಶವಲ್ಲ. ಆದರೆ ಇಂಥ ಹುಡುಗಿ ದೂರು ಹಿಂಪಡೆದ ದಿನ ‘ಏನಾಯಿತು?’ ಎಂದು ಕೇಳುವವರು, ‘ನೀನು ತಪ್ಪು ಮಾಡಿದೆ’ ಎನ್ನದೆ ಬಾಗಿಲು ತೆರೆಯುವವರು ಅವಳ ಸುತ್ತ ಇರಬೇಕು ಎಂಬ ಪಾಠವನ್ನು ನಾವು ಕಲಿಯಬೇಕಿತ್ತು. ಕಲಿತದ್ದು ಬೇರೆ. ಅದೇ ಡಿಸೆಂಬರಿನಲ್ಲಿ ಮಹಾರಾಷ್ಟ್ರ ಸರ್ಕಾರ ಅಂತರ್ಜಾತೀಯ ಹಾಗೂ ಅಂತರ್‌ಧರ್ಮೀಯ ವಿವಾಹಗಳ ಮಾಹಿತಿ ಕಲೆಹಾಕಲು ಸಮಿತಿಯೊಂದನ್ನು ನೇಮಿಸಿತು. ಟೀಕೆ ಬಂದಮೇಲೆ ‘ಅಂತರ್ಜಾತೀಯ’ ಎಂಬುದನ್ನು ಕೈಬಿಟ್ಟು ಉಳಿದದ್ದನ್ನು ಹಾಗೇ ಇಟ್ಟಿತು. ಹೆಂಗಸರ ಮೇಲಿನ ಹಿಂಸೆಗೆ ಉತ್ತರವಾಗಿ ಹೆಂಗಸರ ಆಯ್ಕೆಯ ಪಟ್ಟಿ ಮಾಡುವ ತರ್ಕವಿದು. 1954ರ ವಿಶೇಷ ವಿವಾಹ ಕಾಯಿದೆಯಲ್ಲಂತೂ ಈ ತರ್ಕ ಮೊದಲಿನಿಂದಲೂ ಇದೆ: ಮದುವೆಯಾಗುವವರ ಹೆಸರು ವಿಳಾಸಗಳನ್ನು ಕಚೇರಿಯ ಗೋಡೆಗೆ ಅಂಟಿಸಿ, ಆಕ್ಷೇಪಣೆಗೆ 30 ದಿನ ಕಾಯಬೇಕು. ಆ್ಯಪಿನಲ್ಲಿ ಮಕ್ಕಳ ಖಾಸಗಿತನ ಹೋಗುತ್ತಿದೆ ಎಂದು ಮರುಗುವವರು ಆ ಗೋಡೆಯನ್ನೂ ಒಮ್ಮೆ ನೋಡಬೇಕು.

2016ರ ಮರಾಠಿ ಚಿತ್ರ ‘ಸೈರಾಟ್’ ನಮ್ಮಲ್ಲಿ ಹೆಚ್ಚಿನವರು ನೋಡಿದ್ದೇ. ಮರುವರ್ಷ ಅದು ಕನ್ನಡದಲ್ಲಿ ‘ಮನಸು ಮಲ್ಲಿಗೆ’ಯಾಗಿ ಬಂದಿತು. ಅದರ ಪ್ರೇಮಿಗಳು ಭೇಟಿಯಾಗಲು ಆ್ಯಪು ಬೇಕಾಗಿರಲಿಲ್ಲ; ಊರೊಂದೇ ಸಾಕಾಗಿತ್ತು. ಅವರನ್ನು ಕೊಲ್ಲಲೂ ಊರೇ ಸಾಕಾಯಿತು.

ಹಾಗಾದರೆ ಏನು ಮಾಡಬೇಕು? ಮಕ್ಕಳ ಫೋನು ಪರೀಕ್ಷಿಸುವುದಂತೂ ಅಲ್ಲ. ಅವರು ಆ್ಯಪಿಗೆ ಏಕೆ ಹೋದರೆಂದು ಕೇಳಿಕೊಳ್ಳಬೇಕು. ಹುಬ್ಬಳ್ಳಿಯಿಂದಲೋ ಶಿವಮೊಗ್ಗದಿಂದಲೋ ಹಿಂಜವಡಿಯ ಕಂಪನಿಗೆ ಬಂದ ಹುಡುಗಿಯೊಬ್ಬಳನ್ನು ಕಲ್ಪಿಸಿಕೊಳ್ಳಿ. ವಾರದ ಐದು ದಿನ ಪರದೆ, ಸಂಜೆ ಪಿಜಿಯ ಕೋಣೆ, ಸುತ್ತ ಮರಾಠಿ ಹಿಂದಿ ಇಂಗ್ಲಿಷುಗಳು. ಈ ನಗರದಲ್ಲಿ ತನ್ನ ವಯಸ್ಸಿನ ಇನ್ನೊಬ್ಬರೊಡನೆ, ಉದ್ದೇಶದ ಚೀಟಿ ಹಚ್ಚಿಕೊಳ್ಳದೆ, ಕನ್ನಡದಲ್ಲಿ ಒಂದು ಗಂಟೆ ಮಾತಾಡಲು ಅವಳಿಗೆ ನಾವು ಯಾವ ಜಾಗ ಕೊಟ್ಟಿದ್ದೇವೆ? ನಮ್ಮ ಕಾರ್ಯಕ್ರಮಗಳಿಗೆ ಬಂದರೆ ಮೊದಲ ಸಾಲಿನಲ್ಲಿ ಕುಳಿತು ಭಾಷಣ ಕೇಳಬೇಕು, ಇಲ್ಲವೆ ಸ್ವಾಗತಗೀತೆ ಹಾಡಬೇಕು. ಎರಡನೆಯ ಸಲ ಬಂದರೆ ‘ನಿಮ್ಮದು ಯಾವ ಪೈಕಿ?’ ಎಂಬ ಪ್ರಶ್ನೆ ಎದುರಾಗುತ್ತದೆ. ಮೂರನೆಯ ಸಲ ಅವಳು ಬರುವುದಿಲ್ಲ. ಐಲ್ ಎಂಬ ಕಂಪನಿ ಕನ್ನಡಿಗರಿಗೆಂದೇ ‘ನೀನೇ’ ಎಂಬ ಡೇಟಿಂಗ್ ಆ್ಯಪನ್ನು ಹೊರತಂದಿದೆ. ಕನ್ನಡದಲ್ಲಿ ಜೊತೆ ಹುಡುಕುವ ಹಸಿವು ಯುವಜನರಲ್ಲಿದೆ ಎಂಬುದು ವ್ಯಾಪಾರಿಗೆ ತಿಳಿಯಿತು. ನಮ್ಮ ಸಂಘಗಳಿಗೆ ತಿಳಿಯಲಿಲ್ಲ.

ಇದು ಭಾಷೆಯ ಪ್ರಶ್ನೆಯೂ ಹೌದು, ಆದ್ದರಿಂದ ಸಾಹಿತ್ಯದ ಬಳಗಕ್ಕೆ ಸೇರಿದ ಪ್ರಶ್ನೆ. ಹೊರನಾಡಿನಲ್ಲಿ ಬೆಳೆದ ನಮ್ಮ ಮಕ್ಕಳಿಗೆ ಕನ್ನಡ ಎಂದರೆ ಅಡುಗೆಮನೆಯ ಭಾಷೆ, ಅಜ್ಜಿಯ ಭಾಷೆ, ಬೈಗುಳದ ಭಾಷೆ. ಮನಸ್ಸಿಗೆ ಹಿಡಿಸಿದವರ ಮುಂದೆ ಅಳುಕುತ್ತ ಆಡುವ ಮಾತು, ‘ಬೇಡ’ ಎಂದು ನೋಯಿಸದೆ ಹೇಳುವ ಮಾತು, ತಪ್ಪಾಯಿತು ಎನ್ನುವ ಮಾತು, ಇವು ಅವರಿಗೆ ಕನ್ನಡದಲ್ಲಿ ಬಾರವು. ನಾವು ಆಡಿದ್ದನ್ನು ಅವರು ಕೇಳಿದ್ದರೆ ತಾನೆ! ಪ್ರವಾಸ, ಕಾಫಿ, ನಾಯಿಮರಿ ಎಂದು ಎಲ್ಲರೂ ಒಂದೇ ತೆರನಾಗಿ ಬರೆಯುವ ಪರಿಚಯಪತ್ರದ ಇಂಗ್ಲಿಷಿಗೆ ಅವರು ಮೊರೆಹೋದರೆ, ಆ ಬಡತನದಲ್ಲಿ ನಮ್ಮ ಪಾಲಿದೆ.

ಜಾಗ ಮಾಡಿಕೊಟ್ಟ ಒಬ್ಬ ನಮ್ಮವರು ಈ ಊರಿನಲ್ಲಿದ್ದರು. ಕರಾವಳಿಯಿಂದ ಬಂದು ಶಿವಾಜಿನಗರದ ಫರ್ಗ್ಯುಸನ್ ರಸ್ತೆಯಲ್ಲಿ ‘ವೈಶಾಲಿ’ ಹೋಟೆಲನ್ನು ಕಟ್ಟಿದ, 2023ರಲ್ಲಿ ತೀರಿಕೊಂಡ ಜಗನ್ನಾಥ ಶೆಟ್ಟರು. ಪುಣೆಯ ಎಷ್ಟೋ ತಲೆಮಾರಿನ ಹುಡುಗ ಹುಡುಗಿಯರು ದೋಸೆ, ಫಿಲ್ಟರ್ ಕಾಫಿಗಳ ನೆಪದಲ್ಲಿ ಕೂತೆದ್ದ ಮೇಜುಗಳು ಅಲ್ಲಿವೆ. ಆ ಮೇಜುಗಳಲ್ಲಿ ಕುದುರಿದ ಸ್ನೇಹಗಳೆಷ್ಟು, ಮದುವೆಗಳೆಷ್ಟು, ಮುರಿದವೆಷ್ಟು ಎಂದು ಯಾರೂ ಲೆಕ್ಕ ಇಟ್ಟಿಲ್ಲ, ಇಡಬೇಕಾದ್ದೂ ಇಲ್ಲ. ಸುತ್ತ ಜನ, ಓಡಾಡುವ ಮಾಣಿ, ಪಕ್ಕದ ಮೇಜಿನಲ್ಲಿ ಪರಿಚಯದ ಮುಖ: ಅಲ್ಲಿ ಕಾಣುವ ಕಣ್ಣುಗಳಿದ್ದವು, ಕಾಯುವ ಲಾಠಿ ಇರಲಿಲ್ಲ. ಜಾತಿ ಕೇಳದೆ ಕಾಫಿ ಕೊಡುವ ಹೋಟೆಲು ಮಾಡಿದ ಕೆಲಸವನ್ನು ಭಾಷೆಯ ಹೆಸರಿನಲ್ಲಿ ಕೂಡಿದ ನಾವು ಮಾಡಲಾರೆವೆ?

ನಮ್ಮ ಬಳಗಗಳು ಇಂದೇ ಮಾಡಬಹುದಾದವು ಕೆಲವಿವೆ. ಕನ್ನಡದ ವೇದಿಕೆ, ಕನ್ನಡದ ಸಭಾಂಗಣ, ಕನ್ನಡದ ಹೆಸರುಗಳನ್ನು ಒಳಪಂಗಡದ ವಧೂವರರ ಸಮಾವೇಶಕ್ಕೆ ಕೊಡುವುದನ್ನು ನಿಲ್ಲಿಸಬೇಕು. ಓದುಕೂಟ, ನಾಟಕದ ತಾಲೀಮು, ಸಿಂಹಗಡದ ಚಾರಣಗಳನ್ನು ಯುವಜನರ ಕೈಗೇ ಒಪ್ಪಿಸಿ ನಾವು ಹಿಂದಿನ ಸಾಲಿಗೆ ಸರಿಯಬೇಕು. ಅಲ್ಲಿ ಯಾರೋ ಇಬ್ಬರು ಒಟ್ಟಿಗೆ ಬಸ್ಸು ಹತ್ತಿದರೆ ಊರಿಗೆ ಫೋನು ಮಾಡಬಾರದು. ಆ್ಯಪಿನಲ್ಲಿ ಸಿಕ್ಕ ಗೆಳೆಯನನ್ನು ಮಗಳು ಮನೆಗೆ ಕರೆತಂದರೆ ಅವನಿಗೂ ಒಂದು ತಟ್ಟೆ ಹಾಕಬೇಕು; ಅವನು ಎಂಥವನೆಂದು ನಾಲ್ಕು ಜೋಡಿ ಕಣ್ಣು ನೋಡುವುದು ಅವಳಿಗೇ ಒಳ್ಳೆಯದು. ನಾಳೆ ಆ ಸಂಬಂಧ ಮುರಿದರೆ ‘ನಾವು ಹೇಳಿರಲಿಲ್ಲವೆ’ ಎಂಬ ಮಾತನ್ನು ನುಂಗಿಕೊಳ್ಳಬೇಕು. ಈ ಒಂದು ಮಾತನ್ನು ನುಂಗಿದರೆ ಎಷ್ಟೋ ಹೆಣ್ಣುಮಕ್ಕಳು ಕಷ್ಟ ಬಂದ ದಿನ ಮನೆಗೆ ಮರಳಿಯಾರು.

ಕುವೆಂಪು ಅವರು 1966ರಲ್ಲಿ ಮಗ ಪೂರ್ಣಚಂದ್ರ ತೇಜಸ್ವಿಯವರ ಮದುವೆಯನ್ನು ಮಂತ್ರ ಮಾಂಗಲ್ಯದ ವಿಧಿಯಲ್ಲಿ ನೆರವೇರಿಸಿದರು. ಅಲ್ಲಿ ಪುರೋಹಿತರಿರಲಿಲ್ಲ, ವರದಕ್ಷಿಣೆಯಿರಲಿಲ್ಲ, ಆಡಂಬರವಿರಲಿಲ್ಲ. ಮಕ್ಕಳು ಪರಸ್ಪರ ಒಪ್ಪಿದ ಒಂದು ಬಂಧಕ್ಕೆ ಹಿರಿಯರು ಸಾಕ್ಷಿಯಾಗಿ ನಿಂತರು. ಆ ಮಂತ್ರ ಮಾಂಗಲ್ಯವನ್ನು ಭಾಷಣಗಳಲ್ಲಿ ಹೊಗಳಿ ದಣಿಯದ ನಾವು, ಅದರ ಮೊದಲ ಷರತ್ತನ್ನು ಮಾತ್ರ ಮರೆತಿದ್ದೇವೆ: ಆಯ್ಕೆ ಮಕ್ಕಳದು, ಸಾಕ್ಷಿ ನಮ್ಮದು. ಆ್ಯಪು ಆಯ್ಕೆಯನ್ನು ಕೊಟ್ಟಿತು, ಸಾಕ್ಷಿಯನ್ನು ಕೊಡಲಾರದು. ಅದು ಕೊಡಲಾರದ್ದನ್ನು ಕೊಡುವುದು ನಮಗೆ ಸಾಧ್ಯ. ಅದನ್ನು ಕೊಡದೆ ಆ್ಯಪನ್ನು ಬೈಯುತ್ತ ಕೂರುವ ಹಕ್ಕು ನಮಗಿಲ್ಲ.